ಬಟ್ಟೆ ಒಗೆಯುವ ಕಲ್ಲಿನ ಈಚೆ

ನಮ್ಮಕ್ಕ ಸಂಜೆ ಕೆಲಸದಿಂದ ಬಂದರೆ ಮುಂಬಾಗಿಲಿಗೆ ಬರುವುದಿಲ್ಲ. ಮನೆಯ ಪಕ್ಕದ ಸಂದಿಯಲ್ಲಿ ನಡೆದು ನೇರವಾಗಿ ಹೊರಗಿನ ಬಚ್ಚಲಿಗೆ ಹೋಗುತ್ತಾಳೆ. ಚಪ್ಪಲಿ ಹೊರಗೆ, ಉಟ್ಟ ಬಟ್ಟೆ ಬಕೆಟ್ಟಿಗೆ. ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಉಟ್ಟು, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಹಿತ್ತಿಲಿಗೆ ಬರುತ್ತಾಳೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿದೆ. ಅದರ ಈಚೆ ನಿಂತು, ಎದುರಿನ ಕೊಟ್ಟಿಗೆಯ ಅರೆಬಾಗಿಲಿನ ಕಡೆ ಮುಖ ಮಾಡಿ ಹಸುಗಳನ್ನು ಹೆಸರು ಹಿಡಿದು ಕರೆಯುತ್ತಾಳೆ. ಅವು ಮೆಲುಕು ನಿಲ್ಲಿಸಿ ಕಿವಿ ತಿರುಗಿಸುತ್ತವೆ. "ಹೊಟ್ಟೆ ತುಂಬ್ತಾ? ಸರಿ, ಮಲಗಿ" ಎಂದು ಹೇಳಿ ಒಳಗೆ ಬರುತ್ತಾಳೆ. ಮಳೆ ಸುರಿಯಲಿ, ಮೈ ಸುಡಲಿ, ಮನೆಯಲ್ಲಿ ನೆಂಟರಿರಲಿ, ಇದು ತಪ್ಪಿದ್ದಿಲ್ಲ. ಆ ಕಲ್ಲು ದಾಟಿ ಅವಳು ಮುಂದೆ ಹೋದದ್ದೂ ಇಲ್ಲ.

"ಸಾಹೇಬ್ರು ತಪಾಸಣೆಗೆ ಬಂದ್ರು, ಎದ್ದು ನಿಂತ್ಕೊಳ್ರೇ" ಎಂದು ಅಮ್ಮ ಹಸುಗಳಿಗೆ ಹೇಳುತ್ತಿದ್ದಳು. ಹಸುಗಳು ಅಮ್ಮನವು. ಅವಳೇ ಸಾಕಿದ್ದು, ಅವಳೇ ಹಾಲು ಕರೆಯುವುದು. ಆ ದಿನಗಳಲ್ಲಿ ಇದ್ದವು ಎರಡು. ಜೇನಿನ ಬಣ್ಣದ್ದಕ್ಕೆ ಜೇನು ಎಂದೂ, ಬೂದಿ ಬಣ್ಣದ್ದಕ್ಕೆ ಮೋಡ ಎಂದೂ ಹೆಸರಿಟ್ಟವಳು ಮಾತ್ರ ಅಕ್ಕ, ಅದೂ ದೂರದಿಂದಲೇ.

ಊರಂಚಿನ ದೊಡ್ಡ ಕಾಂಪೌಂಡಿನೊಳಗಿರುವ ಪಶುರೋಗ ಪ್ರಯೋಗಾಲಯದಲ್ಲಿ ಅಕ್ಕ ತಂತ್ರಜ್ಞೆ. ಎಲ್ಲೆಲ್ಲಿಂದಲೋ ಕಾಯಿಲೆ ಬಿದ್ದ ದನ, ಕುರಿ, ಮೇಕೆ, ಹಂದಿಗಳ ರಕ್ತ ಸಣ್ಣ ಕೊಳವೆಗಳಲ್ಲಿ ಅಲ್ಲಿಗೆ ಬರುತ್ತದೆ. ಅದರೊಳಗೆ ಯಾವ ವೈರಸ್ ಇದೆ, ಅದು ಯಾರ ಮನೆಯದು, ಯಾರ ಮೈಗೆ ದಾಟಿದೆ ಎಂದು ಕಂಡುಹಿಡಿಯುವುದು ಅಲ್ಲಿನ ಕೆಲಸ. ಒಳಗೆ ಕೆಲಸ ಮಾಡುವವರು ಮನೆಯಲ್ಲಿ ಗೊರಸಿನ ಪ್ರಾಣಿಯನ್ನು ಮುಟ್ಟಬಾರದು. ಇದು ಸೇರಿದ ದಿನವೇ ಒಪ್ಪಿಕೊಳ್ಳಬೇಕಾದ ಕಟ್ಟಳೆ. ಬಾಲ್ಯದಲ್ಲಿ ಹುಲ್ಲಿನ ಮೇಲೆ ಕರುವಿನ ಕತ್ತು ತಬ್ಬಿಕೊಂಡು ನಿದ್ದೆ ಹೋಗುತ್ತಿದ್ದವಳು, ಅಮ್ಮ ಹುಡುಕಿ ಎತ್ತಿಕೊಂಡು ಬರಬೇಕಾಗುತ್ತಿದ್ದವಳು ಇದನ್ನು ಹೇಗೆ ಒಪ್ಪಿಕೊಂಡಳೋ ನನಗೆ ತಿಳಿಯದು. ಕೇಳಿದರೆ, "ಮುಟ್ಟಿದ್ರೆ ಒಂದು ಕರು, ಮುಟ್ಟದಿದ್ರೆ ಎಷ್ಟೋ" ಎಂದು ನಕ್ಕುಬಿಡುತ್ತಾಳೆ.

ಅವಳು ಮಾತಿನವಳಲ್ಲ. ಆದರೆ ನಾನು ಅಕ್ಕಿ ಆರಿಸುತ್ತಾ ಪಕ್ಕದಲ್ಲಿ ಕೂತರೆ ಒಂದೊಂದೇ ಹೇಳುತ್ತಾಳೆ. ವೈರಸ್ಸಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರಿಲ್ಲ. ಒಂದು ಪುಟ್ಟ ಗಂಟಿನೊಳಗೆ ಮಡಚಿಟ್ಟ ಬರಹವಷ್ಟೇ ಅದು. ಹೊರಗೆ ಬಿದ್ದಿದ್ದರೆ ಧೂಳಿಗೂ ಅದಕ್ಕೂ ವ್ಯತ್ಯಾಸವಿಲ್ಲ. ತನ್ನದೆನ್ನುವ ಮೈಯೊಳಗೆ ಸೇರಿದರೆ ಮಾತ್ರ ಆ ಬರಹ ಬಿಚ್ಚಿಕೊಳ್ಳುತ್ತದೆ, ಆ ಮೈಯ ಕೈಯಿಂದಲೇ ತನ್ನನ್ನು ತಾನು ಮತ್ತೆ ಮತ್ತೆ ಬರೆಸಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಇವರು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಹುಡುಕುವ ಬರಹದ ಒಂದು ತುಣುಕನ್ನು ರಕ್ತದೊಳಗೆ ಹಿಡಿದು ಎರಡು ಮಾಡುತ್ತಾರೆ, ಎರಡನ್ನು ನಾಲ್ಕು ಮಾಡುತ್ತಾರೆ, ಹಾಗೇ ಹೆಚ್ಚಿಸುತ್ತಾ ಹೋಗುತ್ತಾರೆ. ಅದು ಇದ್ದರೆ ಯಂತ್ರದ ಪರದೆಯ ಮೇಲೆ ಮಲಗಿದ್ದ ಗೆರೆ ಎದ್ದು ಮೇಲಕ್ಕೆ ಬಾಗುತ್ತದೆ. ಇಲ್ಲದಿದ್ದರೆ ಕೊನೆಯವರೆಗೂ ಮಲಗೇ ಇರುತ್ತದೆ.

"ಆ ಗೆರೆ ಏಳೋದನ್ನ ಎಷ್ಟು ಸಲ ನೋಡಿದ್ರೂ ಮೈ ಜುಂ ಅನ್ನತ್ತೆ ಕಣೇ" ಎಂದಳು ಒಮ್ಮೆ. "ಇಷ್ಟು ಹೊತ್ತು ಯಾರ ಕಣ್ಣಿಗೂ ಬೀಳದೇ ಇದ್ದಿದ್ದು, ಹೆಸರು ಕರೆದ ಕೂಡ್ಲೇ ಎದ್ದು ಬಂದ ಹಾಗೆ."

ನಾನು ಪ್ರಾರ್ಥನೆಗೆ ಕೂತಾಗ ಆ ಮಾತು ಎಷ್ಟೋ ಸಲ ನೆನಪಾಗಿದೆ.

ಜೇನು ಮೇವು ಬಿಟ್ಟದ್ದು ಚಳಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ. ಬೆಳಿಗ್ಗೆ ಅಮ್ಮ ಹಾಲು ಕರೆಯಲು ಹೋದಾಗ ಅದರ ಮೈ ಕಾದ ಹೆಂಚಿನಂತಿತ್ತು. ಮರುದಿನ ಬಾಯಿಂದ ಜೊಲ್ಲು ಸುರಿಯತೊಡಗಿತು, ಮೂಗಿನ ಸುತ್ತ ಹುಣ್ಣಾಯಿತು. ಪಶುವೈದ್ಯರು ಬಂದು ಬಾಯಿ ತೆರೆಸಿ ನೋಡಿದರು, ಕಾಲು ಎತ್ತಿ ಗೊರಸಿನ ಸಂದಿಯಲ್ಲಿ ನೋಡಿದರು, ಕೈ ತೊಳೆದರು. ಕೊನೆಗೆ, "ಕಾಲುಬಾಯಿ ಜ್ವರ ಇರಬಹುದು, ಇಲ್ಲದೇನೂ ಇರಬಹುದು. ರಕ್ತ ಕಳಿಸ್ತೀನಿ. ಗೊತ್ತಾಗೋವರೆಗೂ ಹಾಲು ಹೊರಗೆ ಹೋಗೋದು ಬೇಡ, ಹಸು ಹೊರಗೆ ಬರೋದು ಬೇಡ" ಎಂದರು.

ಕಾಲುಬಾಯಿ ಜ್ವರ ಎಂದರೆ ಒಂದು ಕೊಟ್ಟಿಗೆಗೆ ನಿಲ್ಲುವ ಕಾಯಿಲೆಯಲ್ಲ, ಬೀದಿಯ ದನಗಳನ್ನೆಲ್ಲ ಸುತ್ತಿಕೊಂಡು ಹೋಗುವಂಥದ್ದು. ನಮ್ಮ ಬೀದಿಯಲ್ಲಿ ಕೊಟ್ಟಿಗೆಗಳಿಗೆ ಕಡಿಮೆಯಿರಲಿಲ್ಲ. ಅದರ ಮೇಲೆ ಮೋಡ ಗಬ್ಬವಾಗಿತ್ತು.

ಆ ಸಂಜೆ ಅಕ್ಕ ಸ್ನಾನ ಮುಗಿಸಿ ಕಲ್ಲಿನ ಹತ್ತಿರ ಬಂದಳು. ಅಮ್ಮ ಅಲ್ಲೇ ನಿಂತು ವಿಷಯ ಹೇಳಿದಳು. ಅಕ್ಕ ಕೇಳಿಸಿಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟಳು. ಬಚ್ಚಲಿನ ಗೋಡೆ ಬೆನ್ನಿಗೆ ತಗುಲುವವರೆಗೂ.

"ಎಲ್ಲಿಗೆ ಹೋಗ್ತಿದ್ದೀಯೇ?" ಎಂದಳು ಅಮ್ಮ.

"ಅಮ್ಮ, ಇದೇ ತಿಂಗಳು ನಮ್ಮಲ್ಲಿಗೆ ಕಾಲುಬಾಯಿ ಜ್ವರದ ರಕ್ತ ಬಂದಿತ್ತು. ನಾನೇ ನೋಡಿದ್ದು."

"ನೋಡಿದ್ರೆ ಏನಾಯ್ತು? ಅಲ್ಲಿ ಸ್ನಾನ ಮಾಡ್ತೀಯ, ಇಲ್ಲಿ ಸ್ನಾನ ಮಾಡ್ತೀಯ, ಚರ್ಮ ಒಂದು ಸುಲ್ಕೊಳ್ಳಲ್ಲ ಅಷ್ಟೇ."

ಅಕ್ಕ ನಗಲಿಲ್ಲ. ಅವತ್ತು ಹಸುಗಳನ್ನು ಕರೆಯಲೂ ಇಲ್ಲ. ನನಗೆ ನೆನಪಿರುವಂತೆ ಆ ದಿನವನ್ನು ಬಿಟ್ಟರೆ ಅವಳು ಕರೆಯದೆ ಒಳಗೆ ಬಂದದ್ದಿಲ್ಲ. ಅವತ್ತೂ ಕರೆದಿದ್ದಳಂತೆ, ಬಚ್ಚಲಿನ ಗೋಡೆಯ ಹಿಂದೆ, ಬಾಯೊಳಗೇ. ಆಮೇಲೆ ಹೇಳಿದಳು.

ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸುತ್ತಾ ಒಂದೇ ಲೆಕ್ಕ ಹಾಕುತ್ತಿದ್ದಳು: ಯಾವ ದಿನ ಕೂದಲು ಸರಿಯಾಗಿ ತೊಳೆಯಲಿಲ್ಲ? ಕನ್ನಡಕ ಒರೆಸಿದೆನೋ ಇಲ್ಲವೋ? ಉಗುರು? ಕೈ ತೊಳೆದು ತೊಳೆದು ಬೆರಳ ಸಂದಿ ಬಿರಿದುಹೋಗಿತ್ತು. "ಅಕ್ಕ, ನೀನು ಬೇಕಂತ ಮಾಡಿದ್ದಲ್ಲವಲ್ಲ" ಎಂದೆ. ಅವಳು ನನ್ನ ಮುಖ ನೋಡಿ, "ಅದನ್ನ ಜೇನುಗೆ ಹೇಳು" ಎಂದಳು.

ಪ್ರಯೋಗಾಲಯದಲ್ಲಿ ಇನ್ನೊಂದು ನಿಯಮವಿತ್ತು. ತನ್ನ ಮನೆಯ ಪ್ರಾಣಿಯ ರಕ್ತವನ್ನು ತಾನು ಪರೀಕ್ಷಿಸುವಂತಿಲ್ಲ. ಆಸೆ, ಭಯ ಎರಡೂ ಕೈ ನಡುಗಿಸುತ್ತವೆ ಎಂದು ದೊಡ್ಡ ಡಾಕ್ಟರು ಹೇಳುತ್ತಿದ್ದರಂತೆ. ಅವರು ಆ ವಿಭಾಗದ ಮುಖ್ಯಸ್ಥೆ, ಅಕ್ಕನಿಗಿಂತ ಸ್ವಲ್ಪ ದೊಡ್ಡವರು, ನಕ್ಕರೆ ಕಣ್ಣು ಪೂರಾ ಮುಚ್ಚುವಂಥವರು. ಅವರು ಜೇನುವಿನ ಕೊಳವೆಯನ್ನು ಗುನುಗಣ್ಣನ ಕೈಗೆ ಕೊಟ್ಟರು. ಅವನು ಅಕ್ಕನ ಜೊತೆ ಕೆಲಸ ಮಾಡುವವನು. ಮುಖಕ್ಕೆ ಮುಸುಕು ಹಾಕಿದ ಕೂಡಲೇ ಒಳಗೊಳಗೇ ಏನಾದರೂ ಗುನುಗುತ್ತಿರುತ್ತಾನೆ, ಅದಕ್ಕೇ ಆ ಹೆಸರು. ಅಕ್ಕನನ್ನು ಡಾಕ್ಟರು ಆ ಕೋಣೆಗಳಿಂದಲೇ ದೂರ ಇಟ್ಟರು. ಮನೆಯಲ್ಲಿ ಕಾಯಿಲೆ ಇರುವವರೆಗೂ ಒಳಗೆ ಬರುವಂತಿಲ್ಲ. ಹಾಗಾಗಿ ಫಲಿತಾಂಶಕ್ಕೆ ಅವಳೂ ಬೇರೆಯವರಂತೆ ಹೊರಗಿನ ಬೆಂಚಿನ ಮೇಲೆ ಕೂತು ಕಾಯಬೇಕಾಯಿತು. ಜೊತೆಗೆ ನಾನು ಹೋದೆ.

ಕಾಲುಬಾಯಿ ಜ್ವರವಲ್ಲ ಎಂದು ಮೊದಲ ದಿನವೇ ತಿಳಿಯಿತು. ಬೀದಿ ಬಚಾವಾಯಿತು. ಹಾಲು ಹಾಕಿಸಿಕೊಳ್ಳುವ ಎದುರುಮನೆಯಾಕೆ ಅಮ್ಮನ ಜೊತೆ ಮತ್ತೆ ಮಾತಿಗೆ ನಿಂತಳು. ಆದರೆ ಅಕ್ಕನ ಮುಖ ತಿಳಿಯಾಗಲಿಲ್ಲ. ಅವಳ ಕೈಯಡಿ ಹಾಯ್ದುಹೋಗುವ ಕಾಯಿಲೆ ಅದೊಂದೇ ಅಲ್ಲವಲ್ಲ. ದನಕ್ಕೆ ಬರುವ ಬೇರೆ ಕಾಯಿಲೆಗಳನ್ನೂ ಗುನುಗಣ್ಣ ಹುಡುಕಿದ. ಎಲ್ಲ ಗೆರೆಗಳೂ ಮಲಗೇ ಇದ್ದವು. ಅಷ್ಟರಲ್ಲಿ ಜೇನುವಿನ ಕಣ್ಣು ಅಂಚಿನಿಂದ ಬೆಳ್ಳಗಾಗುತ್ತಾ ಬಂದಿತ್ತು, ಕನ್ನಡಿಗೆ ಉಸಿರು ಬಿಟ್ಟಂತೆ. ಬೆಳಕು ತಡೆಯದೆ ಅದು ಮೂಲೆಗೆ ಮುಖ ಮಾಡಿ ನಿಲ್ಲುತ್ತಿತ್ತು. ಅಮ್ಮ ಕಿಟಕಿಗೆ ಗೋಣಿ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಅದರ ಮೂಗು ಒರೆಸುತ್ತಾ ಕೂರುತ್ತಿದ್ದಳು.

ಕಣ್ಣಿನ ಸುದ್ದಿ ಕೇಳಿದ ಮೇಲೆ ದೊಡ್ಡ ಡಾಕ್ಟರು ಬೇರೆ ಬಗೆಯಲ್ಲಿ ಹುಡುಕೋಣ ಎಂದರಂತೆ. ಒಬ್ಬೊಬ್ಬರನ್ನೇ ಹೆಸರಿಟ್ಟು ಕರೆಯುವುದು ಬೇಡ, ವೈರಸ್ಸುಗಳ ಒಂದು ಇಡೀ ವಂಶದಲ್ಲಿ ಎಲ್ಲರಿಗೂ ಇರುವ ಒಂದೇ ಥರದ ಮೂಗನ್ನು, ಅಂದರೆ ಎಲ್ಲರಲ್ಲೂ ಒಂದೇ ಆಗಿರುವ ಬರಹದ ತುಣುಕನ್ನು, ಹುಡುಕುವುದು. ಆ ಮೂಗು ಕಂಡರೆ, ಅದರ ಅಕ್ಕಪಕ್ಕದ ಬರಹವನ್ನು ಅಕ್ಷರ ಅಕ್ಷರ ಓದಿಸಿ ಯಾರೆಂದು ತಿಳಿಯುವುದು. ಅಕ್ಕ ನನಗೆ ಬೆಂಚಿನ ಮೇಲೆ ಹೀಗೆ ಬಿಡಿಸಿ ಹೇಳಿದಳು.

ಮೂಗು ಕಂಡಿತು. ಓದಿಸಿದರು. ಗುನುಗಣ್ಣ ಹೊರಗೆ ಬಂದವನು ಗುನುಗುತ್ತಿರಲಿಲ್ಲ.

"ಅಕ್ಕಾವ್ರೇ, ಕುರಿ ನುಗ್ಗಿದೆ" ಎಂದ. "ಕುರಿಗಳ ಮೈಯಲ್ಲಿರೋ ವೈರಸ್ಸು. ಈ ವಾರ ಕುರಿ ರಕ್ತಾನೂ ಬಂದಿತ್ತಲ್ಲ, ಅದರ ತುಂತುರು ಎಲ್ಲೋ ಹಾರಿರಬೇಕು. ನಂದೇ ತಪ್ಪು. ಇದನ್ನ ಲೆಕ್ಕಕ್ಕೆ ತಗೋಬೇಡಿ."

ಅಲ್ಲಿಯವರು ಅತಿಯಾಗಿ ಹೆದರುವುದು ಇದಕ್ಕೇ. ಒಂದು ಕೊಳವೆಯ ಕಾಣದ ಹನಿ ಇನ್ನೊಂದಕ್ಕೆ ಹಾರಿದರೆ ಸಾಕು, ಇಲ್ಲದ ಕಾಯಿಲೆ ಎದ್ದು ನಿಲ್ಲುತ್ತದೆ. ಅದಕ್ಕೇ ಒಳಗೆ ಒಂದೇ ದಿಕ್ಕಿನ ನಡಿಗೆ. ಶುದ್ಧ ಕೋಣೆಯಿಂದ ರಕ್ತದ ಕೋಣೆಗೆ, ಅಲ್ಲಿಂದ ಯಂತ್ರದ ಕೋಣೆಗೆ. ಕೋಣೆಗೊಂದು ಕೋಟು, ಕೋಣೆಗೊಂದು ಚಪ್ಪಲಿ. ಪೆನ್ನು ಮರೆತರೂ ಹಿಂದಕ್ಕೆ ಬರುವಂತಿಲ್ಲ.

ದೊಡ್ಡ ಡಾಕ್ಟರು ಹಾಗೆ ಬಿಟ್ಟುಬಿಡಲಿಲ್ಲ. "ಹಾರಿದೆಯೋ, ಇದೆಯೋ, ಮತ್ತೆ ನೋಡೋಣ" ಎಂದು ಪಶುವೈದ್ಯರಿಂದ ಹೊಸ ರಕ್ತ ತರಿಸಿದರು. ಕೋಣೆಗಳನ್ನೆಲ್ಲ ಒರೆಸಿಸಿ, ಕುರಿಯ ಕೊಳವೆ ಒಂದೂ ಹತ್ತಿರವಿಲ್ಲದ ದಿನ, ಈ ಸಲ ಆ ಕುರಿ ವೈರಸ್ಸಿನ ಹೆಸರಿಗೇ ಪರೀಕ್ಷೆ ಇಟ್ಟರು. ಜೇನುವಿನ ರಕ್ತದ ಪಕ್ಕದಲ್ಲೇ ಬರೀ ನೀರಿನ ಕೊಳವೆಯನ್ನೂ ಇಟ್ಟರು. ಹನಿ ಹಾರಿದ್ದರೆ ನೀರಿನಲ್ಲೂ ಗೆರೆ ಏಳಬೇಕು.

ಯಂತ್ರದ ಕೋಣೆಗೆ ಹಜಾರದ ಕಡೆ ಒಂದು ಗಾಜಿನ ಕಿಟಕಿಯಿದೆ. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿ ಇರಿಸಿದರು. ಅಕ್ಕ ಮತ್ತು ನಾನು ಹೊರಗೆ ನಿಂತೆವು. ಮೊದಲು ಏನೂ ಇಲ್ಲ. ಎರಡು ಗೆರೆಗಳು ಒಂದರ ಪಕ್ಕ ಒಂದು, ಕೆರೆಯ ನೀರಿನಂತೆ ಅಲುಗದೆ ಮಲಗಿದ್ದವು. ಅಕ್ಕ ಗಾಜಿಗೆ ಹಣೆ ತಾಗಿಸಿಕೊಂಡಿದ್ದಳು. ಅವಳ ಉಸಿರಿಗೆ ಗಾಜು ಮಂಜಾಗುತ್ತಿತ್ತು, ಸೆರಗಿನಿಂದ ಒರೆಸುತ್ತಿದ್ದಳು. ತುಂಬಾ ಹೊತ್ತಾದ ಮೇಲೆ ಒಂದು ಗೆರೆಯ ತುದಿ ಚೂರು ತಲೆಯೆತ್ತಿತು. ಅದು ನನ್ನ ಕಣ್ಣಿನ ಭ್ರಮೆಯೆಂದುಕೊಂಡೆ. ಅಲ್ಲ. ಅದು ಏಳುತ್ತಲೇ ಹೋಯಿತು, ನೆಲದಿಂದ ಹಕ್ಕಿ ಏಳುವಂತೆ, ಅವಸರವಿಲ್ಲದೆ, ಒಮ್ಮೆಯೂ ತಡೆಯದೆ. ನೀರಿನ ಗೆರೆ ಕೆಳಗೆ ಮಲಗೇ ಇತ್ತು.

ಆ ಹೊತ್ತಿನಲ್ಲಿ ನನಗೆ ಭಯವಾಗಲಿಲ್ಲ. ದೊಡ್ಡದೊಂದರ ಮುಂದೆ ನಿಂತಾಗ ತಲೆ ತಾನೇ ಬಾಗುತ್ತದಲ್ಲ, ಹಾಗಾಯಿತು. ನಮ್ಮ ಕೊಟ್ಟಿಗೆಯ ಕತ್ತಲಲ್ಲಿ ಕಣ್ಣು ಕಾಣದೆ ನಿಂತ ಜೇನುವಿನ ಒಂದು ಹನಿಯೊಳಗೆ ಕುರಿಗಳಿಗೆಂದೇ ಬರೆದ ಒಂದು ಬರಹ, ದಾರಿ ತಪ್ಪಿ ಬಂದದ್ದು, ತನ್ನ ಹೆಸರಿಗೆ ಎದ್ದು ಬಂದಿತ್ತು.

ಗುನುಗಣ್ಣ ಒಳಗಿನಿಂದ ಎರಡು ಕೈಯನ್ನೂ ಮೇಲೆತ್ತಿ ತೋರಿಸಿದ. ನನ್ನ ತಪ್ಪಲ್ಲ ಎನ್ನುವಂತೆ.

ಡಾಕ್ಟರು ಹೊರಗೆ ಬಂದು ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತರು. "ನಿಮ್ಮ ಕೊಟ್ಟಿಗೇಲಿ ಕುರಿ ಇದ್ಯಾ?"

"ಇಲ್ಲ ಮೇಡಂ." ಅಕ್ಕ ಬಿರಿದ ಬೆರಳ ಸಂದಿ ಉಜ್ಜಿಕೊಂಡಳು. "ಇಲ್ಲಿಗೆ ಮುಂಚೆ ಬಂದ ಕುರಿ ರಕ್ತಾನೇ ಇರಬೇಕು. ನಾನೇ ಹೊತ್ಕೊಂಡು ಹೋಗಿರಬೇಕು."

"ಇದು ಬಟ್ಟೆ ಮೇಲೆ ಕೂತ್ಕೊಂಡು ಅಷ್ಟು ದೂರ ಹೋಗೋ ಜಾತಿಯಲ್ಲ ಕಣಮ್ಮ. ಬಿಸಿಲು, ಗಾಳಿ ತಗುಲಿದ್ರೆ ಸತ್ತುಹೋಗತ್ತೆ. ಕುರಿಗಳ ಮೂಗಿನ ಹತ್ತಿರ ಹಸು ಮೂಗಿಡಬೇಕು. ಅದರಲ್ಲೂ ಹಾಲು ಬಿಟ್ಟು ಬೆಳೀತಿರೋ ಮರಿಗಳು. ಈಗಿಲ್ಲದಿದ್ರೆ ಹಿಂದೆ, ಒಂದೆರಡು ತಿಂಗಳ ಹಿಂದೆ? ಇನ್ನೂ ಹಿಂದೆ?"

ಅಕ್ಕ ತಲೆಯಾಡಿಸುತ್ತಲೇ ಇದ್ದಳು. ನನಗೆ ಆಗ ಹೊಳೆಯಿತು. ಅವಳ ತೋಳು ಹಿಡಿದು, "ಅಕ್ಕ, ಕುರಿಯಣ್ಣನ ಮರಿಗಳು" ಎಂದೆ.

ಕುರಿಯಣ್ಣ ನಮ್ಮ ಹಿಂದಿನ ಬೀದಿಯವನು, ಕುರಿ ಸಾಕುವವನು. ಚಳಿಗಾಲದಲ್ಲಿ ದೊಡ್ಡ ಗಾಳಿ ಬೀಸಿ ಅವನ ದೊಡ್ಡಿಯ ಮಾಡು ಹಾರಿಹೋದಾಗ ಅಮ್ಮ, "ಮರಿಗಳು ನೆನೀತಾವೆ, ನಮ್ಮಲ್ಲಿ ತಂದು ಬಿಡೋ" ಎಂದಿದ್ದಳು. ಮಾಡು ಹೊಸದಾಗುವವರೆಗೂ ಅವು ನಮ್ಮ ಕೊಟ್ಟಿಗೆಯಲ್ಲೇ ಇದ್ದವು. ಜೇನು ಅವುಗಳ ತಲೆ ನೆಕ್ಕುತ್ತಿತ್ತು. ಅಕ್ಕ ದಿನವೂ ಸಂಜೆ ಆ ಕಲ್ಲಿನ ಈಚೆ ನಿಂತು ಅವುಗಳ ಕುಣಿದಾಟ ನೋಡಿ ಹೊಟ್ಟೆ ಹಿಡಿದು ನಕ್ಕವಳು. ಎಲ್ಲರೂ ನೋಡಿದ್ದೆವು. ಆದರೂ ಯಾರಿಗೂ ನೆನಪಾಗಲಿಲ್ಲ, ಯಾಕೆಂದರೆ ನಾವೆಲ್ಲ ಹುಡುಕುತ್ತಿದ್ದದ್ದು ಕಾಯಿಲೆಯ ಪ್ರಾಣಿಯನ್ನು. ಅವು ಗುಂಡುಗುಂಡಾಗಿ ಮಿರಮಿರ ಮಿಂಚುತ್ತಿದ್ದವು. ಇಂಥದ್ದೇ ಕೆಲಸ ಮಾಡುವ ಅಕ್ಕನೂ ಬಟ್ಟೆ, ಕೂದಲು, ಉಗುರು ಎಂದು ತನ್ನ ಮೈಯನ್ನೇ ತಡಕಿದಳೇ ಹೊರತು ಕಣ್ಣೆದುರು ಕುಣಿದ ಆರೋಗ್ಯವನ್ನು ಶಂಕಿಸಲಿಲ್ಲ.

ಅವಳು ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಡಾಕ್ಟರು ಅವಳ ಬಿರಿದ ಬೆರಳುಗಳನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದರು.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಹೇಳಿದಳು, ಕುರಿಗಳಲ್ಲಿ ಬಹುಪಾಲು ಎಲ್ಲವೂ ಇದನ್ನು ಹೊತ್ತೇ ಇರುತ್ತವಂತೆ. ತಾಯಿಯ ಪಕ್ಕದಲ್ಲಿ ಬೆಳೆಯುವಾಗಲೇ ಮರಿಗೆ ಬಂದು ಸೇರುತ್ತದೆ. ಅದರಿಂದ ಕುರಿಗೆ ಒಂದು ಸೀನೂ ಬರುವುದಿಲ್ಲ. ಎಷ್ಟು ಸಾವಿರ ವರ್ಷಗಳಿಂದ ಜೊತೆಗೆ ಬದುಕಿ ಆ ರಾಜಿಯಾಗಿದೆಯೋ ಯಾರಿಗೂ ಗೊತ್ತಿಲ್ಲ. ಅದೇ ಹಸುವಿನ ಮೈಯೊಳಗೆ ಹೋದರೆ ಆ ಮನೆಯ ರೀತಿನೀತಿ ಅದಕ್ಕೆ ತಿಳಿಯದು, ಎಲ್ಲವನ್ನೂ ಕೆಡವಿಬಿಡುತ್ತದೆ. ಕೆಡವಿ ತಾನೂ ಅಲ್ಲೇ ಮುಗಿಯುತ್ತದೆ. ಒಂದು ಹಸುವಿನಿಂದ ಇನ್ನೊಂದು ಹಸುವಿಗೆ ದಾಟಲಾರದು.

"ಹಾಗಾದ್ರೆ ಜೇನುವಿಂದ ಮೋಡಕ್ಕೆ ಬರಲ್ಲ?" ಎಂದೆ.

"ಜೇನುವಿಂದ ಬರಲ್ಲ. ಆದ್ರೆ ಮರಿಗಳ ಜೊತೆ ಮೋಡಾನೂ ಇತ್ತಲ್ಲ. ಅದಕ್ಕೆ ತಗುಲಿದೆಯೋ ಇಲ್ಲವೋ, ಕಾದು ನೋಡಬೇಕು." ಸ್ವಲ್ಪ ದೂರ ನಡೆದು, "ಜೇನು ಉಳಿಯಲ್ಲ ಕಣೇ" ಎಂದಳು.

ಅಮ್ಮ ಎಲ್ಲ ಕೇಳಿ ಕೊಟ್ಟಿಗೆಯ ಹೊಸಿಲ ಮೇಲೆ ಕೂತಳು. "ಹಾಗಾದ್ರೆ ಬಾಗಿಲು ತೆಗೆದು ಒಳಗೆ ಬಿಟ್ಟೋಳು ನಾನು."

"ನೆನೀತಿರೋ ಮರಿಗಳಿಗೆ ಬಾಗಿಲು ತೆಗೆದೆ. ಅದರಲ್ಲಿ ತಪ್ಪೇನಿದೆ?" ಎಂದಳು ಅಕ್ಕ, ಕಲ್ಲಿನ ಈಚೆಯಿಂದ.

"ನೀನು ಇಷ್ಟು ದಿನ ನಿನ್ನ ತಲೆ ಮೇಲೆ ಹಾಕ್ಕೊಂಡು ಒದ್ದಾಡಿದ್ಯಲ್ಲ, ನಾನೂ ಒಂದೆರಡು ದಿನ ಒದ್ದಾಡ್ತೀನಿ ಬಿಡು" ಎಂದಳು ಅಮ್ಮ.

ಜೇನು ಹೋದದ್ದು ಮರುದಿನ ಮಧ್ಯಾಹ್ನ. ಅಮ್ಮನ ತೊಡೆಯ ಮೇಲೆ ಅದರ ತಲೆಯಿತ್ತು. ಅಕ್ಕ ಕಲ್ಲಿನ ಹತ್ತಿರ ನಿಂತು ಅದರ ಹೆಸರನ್ನು ಮೆಲ್ಲಗೆ ಕರೆಯುತ್ತಲೇ ಇದ್ದಳು. ಕಣ್ಣು ಪೂರಾ ಬೆಳ್ಳಗಾಗಿದ್ದರೂ ಕಿವಿ ಅವಳ ಕಡೆಗೇ ತಿರುಗಿತ್ತು. ಇದನ್ನು ನಾನು ಕಣ್ಣಾರೆ ಕಂಡೆ.

ಸುದ್ದಿ ಕೇಳಿ ಕುರಿಯಣ್ಣ ಓಡಿಬಂದ. ಹಿತ್ತಿಲಿನ ಬೇಲಿಯಾಚೆಯೇ ನಿಂತ. "ದೊಡ್ಡಮ್ಮ, ಅವನ್ನೆಲ್ಲ ಇವತ್ತೇ ಕಳಿಸಿಬಿಡ್ತೀನಿ. ಒಂದೂ ಇಟ್ಕೊಳ್ಳಲ್ಲ" ಎಂದ.

ಅಕ್ಕ ಪಕ್ಕದ ಸಂದಿಯಿಂದ ಬಳಸಿ ಅವನ ಹತ್ತಿರಕ್ಕೆ ಹೋದಳು. "ಯಾಕಣ್ಣ ಕಳಿಸ್ತೀಯ? ಅವೇನು ಮಾಡಿದ್ವು? ಹೊಸ ಕುರಿ ತಂದ್ರೂ ಅದರ ಮೈಯಲ್ಲೂ ಇದೇ ಇರತ್ತೆ. ಅವುಗಳನ್ನ ದನಗಳಿಂದ ದೂರ ಇಡು, ಅಷ್ಟೇ. ಬೇಲಿ ಹಾಕು, ದೊಡ್ಡಿ ಬೇರೆ, ನೀರು ಬೇರೆ."

"ಅಷ್ಟು ಸಾಕಾ?"

"ಸಾಕು. ದೂರ ಇರೋದೇ ಇದಕ್ಕೆ ಔಷಧಿ."

ಅಮ್ಮ ಒಳಗಿನಿಂದ, "ಔಷಧಿ ಕೊಡೋರು ನಮ್ಮನೆಲೇ ಇದ್ದಾರೆ ನೋಡು. ಎಷ್ಟೋ ವರ್ಷದಿಂದ ದೂರಾನೇ ನಿಂತಿದ್ದಾರೆ" ಎಂದಳು. ದುಃಖದಲ್ಲೂ ಅವಳ ನಾಲಿಗೆ ಹಾಗೇ.

ಆಮೇಲಿನ ದಿನಗಳು ಮೋಡದ ಕಣ್ಣು ನೋಡುತ್ತಾ ಕಳೆದವು. ಬೆಳಿಗ್ಗೆ ಎದ್ದ ಕೂಡಲೇ ಅಮ್ಮ ಹೋಗಿ ಅದರ ರೆಪ್ಪೆ ಅಗಲಿಸಿ ನೋಡಿ ಬರುತ್ತಿದ್ದಳು. ನಾವಿಬ್ಬರೂ ಅಡುಗೆಮನೆಯಲ್ಲಿ ಉಸಿರು ಹಿಡಿದು ಕಾಯುತ್ತಿದ್ದೆವು. "ಕಪ್ಪಗಿದೆ" ಎಂದು ಅವಳು ಕೂಗಿದ ಮೇಲೆ ಒಲೆ ಹಚ್ಚುವುದು. ಬಿಸಿಲು ಏರಿತು, ಇಳಿಯಿತು. ಕಣ್ಣು ಕಪ್ಪಗೇ ಇತ್ತು. ಒಂದೇ ಕೊಟ್ಟಿಗೆ, ಒಂದೇ ಗಾಳಿ, ಅವೇ ಮರಿಗಳು. ಒಂದನ್ನು ಯಾಕೆ ಹಿಡಿಯಿತು, ಇನ್ನೊಂದನ್ನು ಯಾಕೆ ಬಿಟ್ಟಿತು? ಡಾಕ್ಟರನ್ನು ಕೇಳಿದ್ದಕ್ಕೆ, "ಗೊತ್ತಿಲ್ಲ" ಎಂದರು. ಅಷ್ಟು ಓದಿದವರು ಅಷ್ಟು ಸರಳವಾಗಿ ಗೊತ್ತಿಲ್ಲ ಎಂದದ್ದು ನನಗೆ ಹಿಡಿಸಿತು. ನಾನು ಕಣ್ಣು ಮುಚ್ಚಿ ಯಾರಿಗೆ ಕೈ ಮುಗಿಯಬೇಕೋ ಅವರಿಗೆ ಮುಗಿದೆ.

ಮೋಡ ಕರು ಹಾಕಿತು. ಹೆಣ್ಣು. ಬೂದಿಯ ಮೇಲೆ ಜೇನು ಚೆಲ್ಲಿದಂಥ ಬಣ್ಣ.

ಕರುವನ್ನು ನೋಡಲು ದೊಡ್ಡ ಡಾಕ್ಟರೇ ಬಂದರು. ಅವರೂ ಅಕ್ಕನ ಜೊತೆ ಕಲ್ಲಿನ ಈಚೆಯೇ ನಿಂತರು. ಅಮ್ಮ ಅರೆಬಾಗಿಲು ತೆರೆದು ಕರುವನ್ನು ಹೊರಗೆ ಬಿಟ್ಟಳು. ಅದು ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಎಸೆಯುತ್ತಾ ಹಿತ್ತಿಲು ಸುತ್ತಿತು. ಅಕ್ಕನ ಕೈ ತಾನಾಗಿ ಮುಂದಕ್ಕೆ ಹೋದದ್ದನ್ನೂ, ಅವಳು ಅದನ್ನು ಹಿಂದಕ್ಕೆ ತಂದು ಸೆರಗಿನೊಳಗೆ ಸುತ್ತಿಕೊಂಡದ್ದನ್ನೂ ಡಾಕ್ಟರು ನೋಡಿದರು.

"ನೋಡಿ, ತರಬೇತಿ ವಿಭಾಗದಲ್ಲಿ ಒಂದು ಜಾಗ ಖಾಲಿಯಿದೆ" ಎಂದರು. "ಹೊಸದಾಗಿ ಬರೋರಿಗೆ ಕಲಿಸೋದು. ರಕ್ತ ಇಲ್ಲ, ಕೊಳವೆ ಇಲ್ಲ, ಒಳಗಿನ ಕೋಣೆಗಳಿಗೆ ಹೋಗೋ ಹಾಗೇ ಇಲ್ಲ. ಆಮೇಲೆ ನಿಮಗೆ ಈ ಕಟ್ಟಳೆಯೂ ಇಲ್ಲ. ಈ ಕರು ಜೊತೆ ಮಲಗಿದ್ರೂ ಕೇಳೋರಿಲ್ಲ. ಹೂಂ ಅನ್ನಿ, ನಾಳೇನೇ ಬದಲಾಯಿಸ್ತೀನಿ."

ಅಮ್ಮ ಕರುವಿನ ಕೊರಳ ಹಗ್ಗ ಹಿಡಿದು ಮಗಳ ಮುಖವನ್ನೇ ನೋಡುತ್ತಿದ್ದಳು.

ಅಕ್ಕ ಕರುವನ್ನು ನೋಡಿದಳು. ಅದು ಕತ್ತು ಉದ್ದ ಮಾಡಿ ಒದ್ದೆ ಮೂಗನ್ನು ಅವಳ ಕಡೆ ಚಾಚಿತ್ತು. ಕಲ್ಲೊಂದೇ ನಡುವೆ.

"ಮೇಡಂ, ಆ ಕೋಣೆಯಲ್ಲಿ ಯಂತ್ರದ ಪರದೆ ಇರಲ್ಲ ಅಲ್ವಾ?"

"ಇರಲ್ಲ."

"ಯಾರದೋ ಕೊಟ್ಟಿಗೆಯಿಂದ ರಕ್ತ ಬರತ್ತೆ. ಅವರ ಮನೇಲೂ ಯಾರೋ ನಾನೇ ಕಾಯಿಲೆ ತಂದೆ ಅಂತ ಕೈ ತೊಳೀತಾ ಕೂತಿರ್ತಾರೆ." ಅವಳು ಸೆರಗಿನಿಂದ ಕೈ ಹೊರಗೆ ತೆಗೆದಳು. ಬೆರಳ ಸಂದಿಗಳು ಮಾಗಿದ್ದವು. "ಬೇಡ ಮೇಡಂ. ನಂಗೆ ಇಲ್ಲಿಂದಲೇ ಚೆನ್ನಾಗಿ ಕಾಣತ್ತೆ."

ಹೇಳಿ, ಕರುವಿನ ಮೂಗು ತಗುಲದ ಹಾಗೆ ಒಂದು ಹೆಜ್ಜೆ ಹಿಂದಕ್ಕೆ ನಿಂತಳು.